ಅಂಕಿ ಅಂಶಗಳ ಮಹಾರಾಶಿ: ಹೊಗಳಿಕೆಗೆ ತಕ್ಕ ಫಲವುಂಟೆ?

ಈಚಿನ ಹದಿನೈದು ವರ್ಷಗಳಿಂದ ‘ಬಿಗ್ ಡೇಟಾ’ ಎಂಬ ಎರಡು ಶಬ್ದಗಳು ವರ್ತಮಾನಪತ್ರಗಳಲ್ಲಿಯೂ, ವ್ಯಾಪಾರಿಗಳ ಪ್ರಕಟನೆಗಳಲ್ಲಿಯೂ, ಸರಕಾರದ ಯೋಜನೆಗಳಲ್ಲಿಯೂ ಎಡೆಬಿಡದೆ ಕೇಳಿಬರುತ್ತಿವೆ. ನಮ್ಮ ಶಾಲೆಯಿಂದ ಹೊರಬಿದ್ದು ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನೇ ಅಭ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದಾರೆ. ಇನ್ನು ಕೆಲವರು ಇದರಿಂದಲೇ ಜೀವನೋಪಾಯವನ್ನು ಕಂಡುಕೊಂಡಿದ್ದಾರೆ. ಅಂಕಿ ಅಂಶಗಳನ್ನು ಸಾಕಷ್ಟು ಕೂಡಿಹಾಕಿದರೆ ರೋಗದ ಸುಳಿವು, ಮಾರುಕಟ್ಟೆಯ ಏರಿಳಿತ, ಮನುಷ್ಯನ ಮನಸ್ಸು ಎಲ್ಲವೂ ತಾವಾಗಿ ತಿಳಿದುಬರುವುವೆಂದು ಹೇಳುವವರುಂಟು. ಹೊಗಳಿಕೆ ಹೆಚ್ಚಿದಲ್ಲಿ ವಸ್ತುವಿನ ನಿಜವಾದ ಬೆಲೆ ಮರೆಯಾಗುವುದೂ ಉಂಟು. ಆದುದರಿಂದ ಈ ಮಹಾರಾಶಿ ತನಗೆ ಸಲ್ಲುತ್ತಿರುವ ಹೊಗಳಿಕೆಗೆ ಎಷ್ಟು ಪಾತ್ರವಾಗಿದೆ ಎಂಬುದನ್ನು ಇಲ್ಲಿ ವಿಚಾರಿಸೋಣ. ಈ ಲೇಖಕನು ಕನ್ನಡ ಕಲಿಸುವವನೇ ಹೊರತು ಗಣಿತದಲ್ಲಿ ಪಾಂಡಿತ್ಯ ಪಡೆದವನಲ್ಲ. ಆದರೂ ವಿಷಯದ ತಿರುಳನ್ನು ಅರಿಯುವುದಕ್ಕೆ ಕಠಿನವಾದ ಗಣಿತವೇನೂ ಬೇಕಿಲ್ಲ. ಅಡಿಗೆಮನೆಯ ವಿವೇಕವೂ ಕಣದ ವಿವೇಕವೂ ಬಹುಮಟ್ಟಿಗೆ ಸಾಕು.

ಮೊದಲು ಇದು ಏನೆಂಬುದನ್ನು ತಿಳಿಯುವುದು ಲೇಸು. ದತ್ತಾಂಶವೆಂದರೆ ದಾಖಲಾದ ಸಂಗತಿ. ನಮ್ಮ ತರಗತಿಯ ಹಾಜರಿಪುಸ್ತಕ ದತ್ತಾಂಶ. ಕಿರಾಣಿ ಅಂಗಡಿಯ ಉದ್ರಿ ವಹಿಯೂ ದತ್ತಾಂಶವೇ. ಹಿಂದೆ ಯಾರಾದರೂ ಬೇಕೆಂದು ಕುಳಿತು ಬರೆದರೆ ಮಾತ್ರ ಅದು ಹುಟ್ಟುತ್ತಿತ್ತು. ಈಗ ಬರೆಯುವವನಿಲ್ಲದೆಯೇ ಹುಟ್ಟುತ್ತದೆ. ಮೊಬೈಲಿನಲ್ಲಿ ದಾರಿ ಹುಡುಕಿದರೆ ಒಂದು ದಾಖಲೆ. ತರಕಾರಿಯವನಿಗೆ ಇಪ್ಪತ್ತು ರೂಪಾಯಿ ಕಳುಹಿಸಿದರೆ ಇನ್ನೊಂದು ದಾಖಲೆ. ನಮ್ಮ ದೇಶದಲ್ಲಿ 2023ರ ಆಗಸ್ಟ್ ತಿಂಗಳೊಂದರಲ್ಲಿಯೇ ಯುಪಿಐ ಮೂಲಕ 1,000 ಕೋಟಿಗೂ ಮಿಕ್ಕಿದ ಪಾವತಿಗಳು ನಡೆದುವೆಂದರೆ ಈ ರಾಶಿಯ ಗಾತ್ರವನ್ನು ಊಹಿಸಬಹುದು. ಡಗ್ ಲೇನಿ ಎಂಬ ವಿಶ್ಲೇಷಕನು 2001ರಲ್ಲಿಯೇ ಇಂಥ ದತ್ತಾಂಶಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದನು. ಅವು ಯಾವುವೆಂದರೆ, ಗಾತ್ರ, ವೇಗ ಮತ್ತು ವೈವಿಧ್ಯ. ದಾಖಲೆಗಳು ಲೆಕ್ಕವಿಲ್ಲದಷ್ಟು, ಅವು ಹುಟ್ಟುವುದು ಕ್ಷಣಕ್ಷಣಕ್ಕೆ, ಅಂಕಿ, ಅಕ್ಷರ, ಚಿತ್ರ, ಧ್ವನಿ ಎಂದು ಅವುಗಳ ರೂಪವೂ ಹಲವು. ಈ ಮೂರರಲ್ಲಿ ‘ಸತ್ಯ’ ಎಂಬ ಲಕ್ಷಣ ಸೇರಿರಲಿಲ್ಲ ಎಂಬುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು. ನಮ್ಮ ಚರ್ಚೆಯೆಲ್ಲ ಅದರ ಸುತ್ತಲೇ ನಡೆಯಬೇಕಾಗಿದೆ.

ಹೊಗಳಿಕೆ ಎಲ್ಲಿಯವರೆಗೆ ಮುಟ್ಟಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 2008ರಲ್ಲಿ ಅಮೆರಿಕದ ‘ವೈರ್ಡ್’ ಪತ್ರಿಕೆಯ ಸಂಪಾದಕನಾಗಿದ್ದ ಕ್ರಿಸ್ ಆಂಡರ್ಸನ್ ಎಂಬುವನು, ದತ್ತಾಂಶದ ಪ್ರವಾಹದ ಎದುರಿನಲ್ಲಿ ಸಿದ್ಧಾಂತಗಳಿಗೆ ಕೆಲಸವಿಲ್ಲದಂತಾಯಿತೆಂದು ವಾದಿಸಿದನು. ಯಾವುದು ಯಾವುದರ ಜೊತೆಗೆ ಕಾಣಿಸಿಕೊಳ್ಳುತ್ತದೆ ಎಂಬುದು ತಿಳಿದರೆ ಸಾಲದೆ, ಏಕೆ ಎಂದು ಕೇಳುವುದೇಕೆ ಎಂಬುದು ಆ ವಾದದ ಸಾರ. ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಸಂಸ್ಥೆ ಒಂದು ಹೊಸ ಸೇವೆಯನ್ನು ಪ್ರಾರಂಭಿಸಿತು. ಆಂಡರ್ಸನ್ನನ ವಾದಕ್ಕೆ ದೊಡ್ಡ ಪರೀಕ್ಷೆಯೊಂದು ಆ ಸೇವೆಯಿಂದ ಒದಗಿತೆನ್ನಬಹುದು.

ಆ ಸೇವೆಯ ಹೆಸರು ‘ಗೂಗಲ್ ಫ್ಲೂ ಟ್ರೆಂಡ್ಸ್’. ಅಮೆರಿಕದಲ್ಲಿ ಚಳಿಗಾಲ ಬಂದಿತೆಂದರೆ ಫ್ಲೂ ಜ್ವರ ಹರಡುತ್ತದೆ. ಎಷ್ಟು ಜನ ವೈದ್ಯರ ಬಳಿಗೆ ಬಂದರೆಂಬುದನ್ನು ಆ ದೇಶದ ರೋಗನಿಯಂತ್ರಣ ಕೇಂದ್ರವು ಚಿಕಿತ್ಸಾಲಯಗಳಿಂದ ತರಿಸಿಕೊಂಡು ಪ್ರಕಟಿಸುತ್ತದೆ. ಈ ವರದಿ ಕೈಸೇರುವುದಕ್ಕೆ ಒಂದೆರಡು ವಾರ ಹಿಡಿಯುತ್ತಿತ್ತು. ಜ್ವರ ಬಂದವನು ವೈದ್ಯರನ್ನು ಕಾಣುವ ಮೊದಲೇ ಅಂತರಜಾಲದಲ್ಲಿ ‘ಜ್ವರ’, ‘ಕೆಮ್ಮು’, ‘ಔಷಧ’ ಎಂದು ಹುಡುಕುವನಲ್ಲವೆ? ಆ ಹುಡುಕಾಟವನ್ನು ಎಣಿಸಿದರೆ ರೋಗದ ಏರಿಳಿತ ಮರುದಿನವೇ ತಿಳಿಯುವುದೆಂದು ಗೂಗಲ್ಲಿನ ತಜ್ಞರು ಯೋಚಿಸಿದರು. ಜನರು ಹೆಚ್ಚಾಗಿ ಬಳಸುವ 5 ಕೋಟಿ ಹುಡುಕುಮಾತುಗಳನ್ನು ಹಳೆಯ ರೋಗವರದಿಗಳೊಡನೆ ಹೋಲಿಸಿ, ಅವುಗಳೊಡನೆ ಅತ್ಯಂತ ಚೆನ್ನಾಗಿ ಹೊಂದಿಕೊಂಡ 45 ಮಾತುಗಳನ್ನು ಆರಿಸಿದರು. ಪ್ರಾರಂಭದಲ್ಲಿ ಫಲ ಬೆರಗುಗೊಳಿಸುವಂತಿತ್ತು. 2009ರಲ್ಲಿ ಈ ವಿಧಾನದ ವಿವರ ‘ನೇಚರ್’ ಎಂಬ ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯರಿಲ್ಲದೆ, ಖರ್ಚಿಲ್ಲದೆ, ತಡವಿಲ್ಲದೆ ರೋಗದ ಗತಿಯನ್ನು ತಿಳಿಯುವ ಉಪಾಯ ದೊರೆಯಿತೆಂದು ಎಲ್ಲರೂ ಸಂತೋಷಪಟ್ಟರು.

ಆದರೆ ಅದೇ 2009ರ ವಸಂತದಲ್ಲಿ ಎಚ್1ಎನ್1 ಎಂಬ ಹೊಸ ಫ್ಲೂ ಅಕಾಲದಲ್ಲಿ ಕಾಣಿಸಿಕೊಂಡಾಗ ಈ ಯಂತ್ರವು ಅದರ ತೀವ್ರತೆಯನ್ನು ಗುರುತಿಸಲಾರದೆ ಹೋಯಿತು. ತಜ್ಞರು ಲೆಕ್ಕವನ್ನು ತಿದ್ದಿದರು. ಆಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2012-13ರ ಚಳಿಗಾಲದಲ್ಲಿ ಅದು ಹೇಳಿದ ಪ್ರಮಾಣ ರೋಗನಿಯಂತ್ರಣ ಕೇಂದ್ರದ ಪ್ರಮಾಣಕ್ಕಿಂತ ಹೆಚ್ಚುಕಡಮೆ ಇಮ್ಮಡಿಯಾಗಿತ್ತು. 2011ರ ಆಗಸ್ಟಿನಿಂದ ಮುಂದಣ 108 ವಾರಗಳಲ್ಲಿ 100 ವಾರಗಳಷ್ಟು ಕಾಲ ಅದು ರೋಗವನ್ನು ಇದ್ದುದಕ್ಕಿಂತ ಹೆಚ್ಚಾಗಿಯೇ ತೋರಿಸಿತೆಂದು ಡೇವಿಡ್ ಲೇಜರ್ ಮತ್ತು ಅವರ ಸಂಗಡಿಗರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. 2015ರಲ್ಲಿ ಗೂಗಲ್ ತನ್ನ ಅಂದಾಜುಗಳ ಪ್ರಕಟಣೆಯನ್ನು ನಿಲ್ಲಿಸಿತು.

ಹೀಗಾದುದಕ್ಕೆ ಕಾರಣಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, 5 ಕೋಟಿ ಮಾತುಗಳನ್ನು ಹೋಲಿಸುವುದಕ್ಕೆ ಇದ್ದ ರೋಗದ ಅಂಕಿಗಳು 1,152 ಮಾತ್ರ. ಇಷ್ಟು ದೊಡ್ಡ ರಾಶಿಯಿಂದ ಇಷ್ಟು ಸಣ್ಣ ಅಳತೆಗೆ ಹೊಂದುವುದನ್ನು ಹುಡುಕಿದರೆ, ಸಂಬಂಧವಿಲ್ಲದ ಎಷ್ಟೋ ಮಾತುಗಳು ಕಾಕತಾಳೀಯವಾಗಿ ಹೊಂದಿಕೊಂಡುಬಿಡುತ್ತವೆ. ಅಮೆರಿಕದ ಪ್ರೌಢಶಾಲೆಗಳ ಬಾಸ್ಕೆಟ್‌ಬಾಲ್ ಪಂದ್ಯಗಳೂ ಚಳಿಗಾಲದಲ್ಲಿಯೇ ನಡೆಯುತ್ತವೆ. ಆದುದರಿಂದ ಆ ಪಂದ್ಯಗಳ ಹುಡುಕಾಟವೂ ಜ್ವರದೊಡನೆ ಏರಿ ಜ್ವರದೊಡನೆ ಇಳಿಯುತ್ತಿತ್ತು! ತಜ್ಞರು ಅಂಥ ಮಾತುಗಳನ್ನು ಕೈಯಿಂದಲೇ ತೆಗೆದುಹಾಕಬೇಕಾಯಿತು. ಚೆಂಡಾಟಕ್ಕೂ ಜ್ವರಕ್ಕೂ ಸಂಬಂಧವಿಲ್ಲವೆಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಎರಡನೆಯದಾಗಿ, ಜ್ವರವನ್ನು ಹುಡುಕುವವರೆಲ್ಲ ಜ್ವರಪೀಡಿತರಲ್ಲ. ಪತ್ರಿಕೆಯಲ್ಲಿ ಭಯಂಕರವಾದ ಸುದ್ದಿ ಬಂದರೆ ಆರೋಗ್ಯವಂತರೂ ಹುಡುಕುತ್ತಾರೆ. ಮೂರನೆಯದಾಗಿ, ಹುಡುಕಾಟದ ಯಂತ್ರವೇ ಕಾಲಕಾಲಕ್ಕೆ ಬದಲಾಗುತ್ತಿತ್ತು. ‘ಇದನ್ನೂ ನೋಡಿರಿ’ ಎಂದು ಅದೇ ಸೂಚಿಸತೊಡಗಿದಾಗ ಜನರು ಹುಡುಕುವ ಮಾತುಗಳೂ ಬದಲಾದುವು. ಅಳೆಯುವ ಕೊಳಗವೇ ದಿನಕ್ಕೊಂದು ಗಾತ್ರವಾದರೆ ರಾಶಿಯ ಲೆಕ್ಕ ನಿಲ್ಲುವುದೆಲ್ಲಿ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಶಿ ಇನ್ನೂ ದೊಡ್ಡದಾದರೆ ತಪ್ಪು ಕಡಮೆಯಾಗಲಾರದೆ? ಇದಕ್ಕೆ ಉತ್ತರವನ್ನು ನಮ್ಮ ಹಿರಿಯರು ಅಡಿಗೆಮನೆಯಲ್ಲಿಯೇ ಕಂಡುಕೊಂಡಿದ್ದರು. ಶಾಸ್ತ್ರಗ್ರಂಥಗಳಲ್ಲಿ ‘ಸ್ಥಾಲೀಪುಲಾಕ ನ್ಯಾಯ’ವೆಂದು ಒಂದಿದೆ. ಅನ್ನ ಬೆಂದಿದೆಯೆ ಎಂದು ತಿಳಿಯುವುದಕ್ಕೆ ಪಾತ್ರೆಯನ್ನೆಲ್ಲ ಉಣ್ಣಬೇಕಿಲ್ಲ; ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎಂಬುದು ಅದರ ಅರ್ಥ. ಆದರೆ ಇದಕ್ಕೆ ಒಂದು ನಿಯಮವುಂಟು. ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ಬಗೆಯಾಗಿ ಬೇಯುತ್ತಿರಬೇಕು, ಇಲ್ಲವೆ ಅಗುಳನ್ನು ತೆಗೆಯುವ ಮೊದಲು ಸೌಟಿನಿಂದ ಚೆನ್ನಾಗಿ ತಿರುವಿರಬೇಕು. ತಳದಲ್ಲಿ ಸೀದು ಮೇಲೆ ಬೇಯದೆ ಉಳಿದ ಅನ್ನದಲ್ಲಿ ಮೇಲಿನ ಅಗುಳುಗಳನ್ನು ಒಂದರ ಬದಲು ಸಾವಿರ ಹಿಚುಕಿ ನೋಡಿದರೂ ತಳದ ಸಂಗತಿ ತಿಳಿಯಲಾರದು. ತಿಳಿಯದುದಷ್ಟೇ ಅಲ್ಲ, ಸಾವಿರ ಅಗುಳು ನೋಡಿದೆನೆಂಬ ಧೈರ್ಯದಿಂದ ತಪ್ಪನ್ನೇ ಗಟ್ಟಿಯಾಗಿ ನಂಬುವಂತಾಗುವುದು.

ಇದಕ್ಕೆ ಇತಿಹಾಸದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. 1936ರಲ್ಲಿ ಅಮೆರಿಕದ ಅಧ್ಯಕ್ಷಪದವಿಗೆ ರೂಸ್‌ವೆಲ್ಟ್ ಮತ್ತು ಲ್ಯಾಂಡನ್ ಸ್ಪರ್ಧಿಸಿದ್ದರು. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯ ಮೂಲಕ ಪ್ರಶ್ನಪತ್ರ ಕಳುಹಿಸಿತು. ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕಿ ಉತ್ತರಗಳು ಬಂದುವು. ಅವುಗಳನ್ನು ಎಣಿಸಿ ಲ್ಯಾಂಡನ್ ಗೆಲ್ಲುವನೆಂದು ಪತ್ರಿಕೆ ಸಾರಿತು. ಜಾರ್ಜ್ ಗ್ಯಾಲಪ್ ಎಂಬುವನು ಸುಮಾರು 50,000 ಜನರನ್ನು ಮಾತ್ರ ವಿಚಾರಿಸಿ ರೂಸ್‌ವೆಲ್ಟನು ಗೆಲ್ಲುವನೆಂದನು. ಚುನಾವಣೆಯಲ್ಲಿ ರೂಸ್‌ವೆಲ್ಟನಿಗೆ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಮತಗಳು ದೊರೆತುವು. 48 ಸಂಸ್ಥಾನಗಳಲ್ಲಿ 46 ಅವನ ಪಾಲಾದುವು. ಡೈಜೆಸ್ಟ್ ಪತ್ರಿಕೆ ವಿಳಾಸಗಳನ್ನು ಆಯ್ದುದು ಬಹುಮಟ್ಟಿಗೆ ಟೆಲಿಫೋನ್ ಪಟ್ಟಿಗಳಿಂದಲೂ ಮೋಟಾರುಗಾಡಿಗಳ ನೋಂದಣಿಯಿಂದಲೂ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಟೆಲಿಫೋನೂ ಮೋಟಾರೂ ಇದ್ದವರು ಉಳ್ಳವರು. ಬಡವರ ಮತ ಆ ರಾಶಿಗೆ ಸರಿಯಾಗಿ ಬೀಳಲಿಲ್ಲ. ಉತ್ತರ ಕಳುಹಿಸಿದವರ ಮನಸ್ಸೂ ಕಳುಹಿಸದವರ ಮನಸ್ಸೂ ಒಂದೇ ಆಗಿರಲಿಲ್ಲ.

ಅದು ಹಳೆಯ ಕಾಲದ ಮಾತು, ಈಗ ಯಂತ್ರಗಳು ಸುಧಾರಿಸಿವೆ ಎಂದು ಯಾರಾದರೂ ಹೇಳಬಹುದು. ಹಾಗಾದರೆ 2021ರ ಸಂಗತಿಯನ್ನು ನೋಡೋಣ. ಅಮೆರಿಕದಲ್ಲಿ ಕೋವಿಡ್ ಲಸಿಕೆಯನ್ನು ಎಷ್ಟು ಮಂದಿ ಹಾಕಿಸಿಕೊಂಡರೆಂದು ಏಕಕಾಲದಲ್ಲಿ ಮೂರು ಸಮೀಕ್ಷೆಗಳು ನಡೆಯುತ್ತಿದ್ದುವು. ಫೇಸ್‌ಬುಕ್ಕಿನ ಮೂಲಕ ನಡೆದ ಒಂದು ಸಮೀಕ್ಷೆಗೆ ವಾರಕ್ಕೆ ಸುಮಾರು 2,50,000 ಜನ ಉತ್ತರಿಸುತ್ತಿದ್ದರು. ಅಲ್ಲಿನ ಜನಗಣತಿ ಇಲಾಖೆಯ ಸಮೀಕ್ಷೆಗೆ ಎರಡು ವಾರಕ್ಕೆ ಸುಮಾರು 75,000 ಮಂದಿ ಉತ್ತರಿಸುತ್ತಿದ್ದರು. ಆಕ್ಸಿಯೋಸ್ ಮತ್ತು ಇಪ್ಸೋಸ್ ಸಂಸ್ಥೆಗಳು ಕೂಡಿ ನಡೆಸಿದ ಮೂರನೆಯ ಸಮೀಕ್ಷೆಯಲ್ಲಿದ್ದವರು ಸುಮಾರು 1,000 ಜನ ಮಾತ್ರ. ಮೇ ತಿಂಗಳ ಹೊತ್ತಿಗೆ ಮೊದಲನೆಯದು ನೂರಕ್ಕೆ 17ರಷ್ಟೂ ಎರಡನೆಯದು ನೂರಕ್ಕೆ 14ರಷ್ಟೂ ಹೆಚ್ಚಾಗಿ ಲಸಿಕೆಯ ಪ್ರಮಾಣವನ್ನು ತೋರಿಸಿದುವು. ಸಾವಿರ ಜನರ ಸಣ್ಣ ಸಮೀಕ್ಷೆಯೇ ನಿಜಕ್ಕೆ ಹತ್ತಿರವಾಗಿತ್ತು. ಅದನ್ನು ನಡೆಸಿದವರು ಮನೆಗಳ ವಿಳಾಸಗಳಿಂದ ಜನರನ್ನು ಆರಿಸಿದ್ದರು. ಅಂತರಜಾಲವಿಲ್ಲದ ಮನೆಗಳಿಗೆ ತಾವೇ ಉಪಕರಣವನ್ನು ಒದಗಿಸಿ ಉತ್ತರ ಪಡೆಯುತ್ತಿದ್ದರು. ಎಂದರೆ, ಪಾತ್ರೆಯ ತಳಕ್ಕೆ ಸೌಟನ್ನು ಇಳಿಸಿದ್ದರು. ಷಾವೊ-ಲಿ ಮೆಂಗ್ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಇದನ್ನು ಲೆಕ್ಕಹಾಕಿ, ಎರಡೂವರೆ ಲಕ್ಷ ಜನರ ಇಂಥ ಸಮೀಕ್ಷೆಯೂ ಸರಿಯಾಗಿ ಚೀಟಿ ಎತ್ತಿ ಆರಿಸಿದ ಹತ್ತು ಜನರ ಸಮೀಕ್ಷೆಗಿಂತ ಹೆಚ್ಚು ನಿಖರವಾಗದಿರಬಹುದೆಂದು ತೋರಿಸಿದರು. ಎರಡೂವರೆ ಲಕ್ಷವೆಲ್ಲಿ, ಹತ್ತೆಲ್ಲಿ!

ಹಾಗಾದರೆ ಈ ಮಹಾರಾಶಿ ನಿಷ್ಪ್ರಯೋಜಕವೆ? ಹಾಗೆ ಹೇಳುವುದು ಇನ್ನೊಂದು ತುದಿಯ ಅತಿರೇಕವಾದೀತು. ಹವಾಮಾನಶಾಸ್ತ್ರವನ್ನು ನೋಡಿರಿ. ಉಪಗ್ರಹಗಳೂ ರೇಡಾರುಗಳೂ ಸಮುದ್ರದ ತೇಲುಯಂತ್ರಗಳೂ ಹಗಲಿರುಳು ಕಳುಹಿಸುವ ಅಂಕಿಗಳ ಮೊತ್ತ ಅಪಾರವಾದುದು. 1999ರ ಅಕ್ಟೋಬರಿನಲ್ಲಿ ಒಡಿಶಾದ ಮೇಲೆ ಬಂದೆರಗಿದ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಮೃತರಾದರು. 2013ರ ಅಕ್ಟೋಬರಿನಲ್ಲಿ ಅದೇ ತೀರಕ್ಕೆ ‘ಫೈಲಿನ್’ ಎಂಬ ಪ್ರಬಲ ಚಂಡಮಾರುತ ಬಂದಾಗ ಅದರ ಮಾರ್ಗವೂ ಬಲವೂ ದಿನಗಳ ಮೊದಲೇ ತಿಳಿದಿದ್ದುವು. ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಮೃತರ ಸಂಖ್ಯೆ ಕೆಲವು ಹತ್ತುಗಳಲ್ಲಿಯೇ ನಿಂತಿತು. ಈ ಉಪಕಾರದಲ್ಲಿ ಕಟ್ಟಡಗಳ, ಅಧಿಕಾರಿಗಳ, ಸ್ವಯಂಸೇವಕರ ಪಾಲೂ ಇದೆ; ದತ್ತಾಂಶದ ಪಾಲೂ ಚಿಕ್ಕದಲ್ಲ. ಆದರೆ ಇಲ್ಲಿ ಅಂಕಿಗಳ ಹಿಂದೆ ಗಾಳಿ, ಶಾಖ, ಆವಿ ಇವುಗಳ ಭೌತನಿಯಮಗಳಿವೆ. ಇಂದಿನ ಹೇಳಿಕೆ ಸರಿಯೋ ತಪ್ಪೋ ಎಂಬುದನ್ನು ನಾಳೆಯ ಆಕಾಶವೇ ತೋರಿಸುತ್ತದೆ. ತಪ್ಪನ್ನು ಕಂಡು ಲೆಕ್ಕವನ್ನು ತಿದ್ದುತ್ತಾರೆ. ‘ಏಕೆ’ ಎಂಬ ಪ್ರಶ್ನೆಯನ್ನು ಬಿಡದಿದ್ದುದರಿಂದಲೇ ಅಲ್ಲಿ ರಾಶಿ ಫಲಕೊಟ್ಟಿತು.

ಫ್ಲೂ ಜ್ವರದ ಪ್ರಸಂಗದಲ್ಲಿಯೂ ಇದೇ ಪಾಠವಿದೆ. ಹುಡುಕಾಟದ ಅಂಕಿಗಳನ್ನೂ ವೈದ್ಯರ ತಡವಾದ ವರದಿಗಳನ್ನೂ ಕೂಡಿಸಿ ನೋಡಿದಾಗ, ಎರಡರಲ್ಲಿ ಯಾವುದೊಂದಕ್ಕಿಂತಲೂ ಉತ್ತಮವಾದ ಅಂದಾಜು ದೊರೆಯಿತೆಂದು ಲೇಜರ್ ಮೊದಲಾದವರು ಕಂಡರು. ದೊಡ್ಡ ರಾಶಿ ಸಣ್ಣ ಅಳತೆಯ ಜಾಗವನ್ನು ಆಕ್ರಮಿಸಹೊರಟಾಗ ಕೆಟ್ಟಿತು. ಅದರ ಜೊತೆಗೂಡಿದಾಗ ಕೆಲಸಕ್ಕೆ ಬಂದಿತು.

ಸಣ್ಣ ಅಳತೆಯ ಈ ವಿದ್ಯೆಯಲ್ಲಿ ನಮ್ಮ ದೇಶ ಹಿಂದೆ ಬಿದ್ದುದಲ್ಲ. 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಲದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವುದಕ್ಕೆ ಹೊಲಹೊಲವನ್ನೂ ಎಣಿಸುವ ಬದಲು, ನಿಯಮಬದ್ಧವಾಗಿ ಆರಿಸಿದ ಕೆಲವು ತುಂಡುಗಳನ್ನು ಅಳೆಯುವ ಪದ್ಧತಿಯನ್ನು ರೂಢಿಗೆ ತಂದರು. ಒಂದೇ ಪ್ರದೇಶಕ್ಕೆ ಬೇರೆ ಬೇರೆ ತಂಡಗಳನ್ನು ಸ್ವತಂತ್ರವಾಗಿ ಕಳುಹಿಸಿ ಅವರ ಲೆಕ್ಕಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವುದು ಅವರ ಇನ್ನೊಂದು ಉಪಾಯ. ಲೆಕ್ಕಗಳಲ್ಲಿ ಅಂತರ ಹೆಚ್ಚಿದ್ದರೆ ಎಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. 1950ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ವಿಚಾರದ ಫಲ. ತನ್ನ ತಪ್ಪು ಎಷ್ಟಿರಬಹುದೆಂಬುದನ್ನು ತಾನೇ ಹೇಳುವ ಲೆಕ್ಕವೇ ನಂಬಿಕೆಗೆ ಅರ್ಹವಾದುದು. ಕೇವಲ ಗಾತ್ರವನ್ನು ತೋರಿಸುವ ರಾಶಿಯಲ್ಲಿ ಈ ಗುಣ ಹೆಚ್ಚಾಗಿ ಕಾಣದು.

ಈ ವಿಚಾರ ನಮ್ಮಂಥವರಿಗೆ ಕೇವಲ ಶಾಸ್ತ್ರದ ಕುತೂಹಲವಲ್ಲ. ರಾಶಿಗೆ ಯಾರು ಬೀಳಲಿಲ್ಲವೋ ಅವರ ಮೇಲೆಯೇ ಅದರ ನಿರ್ಣಯ ಬೀಳುವ ಸಂಭವವುಂಟು. ಅಮೆರಿಕದ ಬಾಸ್ಟನ್ ನಗರದಲ್ಲಿ, ಮೋಟಾರು ಓಡಿಸುವವರ ಮೊಬೈಲುಗಳೇ ರಸ್ತೆಯ ಗುಂಡಿಗಳ ಕುಲುಕನ್ನು ಗುರುತಿಸಿ ಪುರಸಭೆಗೆ ತಿಳಿಸುವ ಏರ್ಪಾಡೊಂದನ್ನು ಮಾಡಿದರು. ಒಳ್ಳೆಯ ಉಪಾಯವೇ ಸರಿ. ಆದರೆ ಬಡವರೂ ವೃದ್ಧರೂ ಹೆಚ್ಚಾಗಿರುವ ಬೀದಿಗಳಲ್ಲಿ ಅಂಥ ಮೊಬೈಲುಗಳು ಕಡಮೆ. ಅಲ್ಲಿಯ ಗುಂಡಿ ಎಷ್ಟು ಆಳವಾಗಿದ್ದರೂ ಲೆಕ್ಕಕ್ಕೆ ಬರುವುದು ಕಡಮೆಯಾಗುವ ಅಪಾಯವಿತ್ತು. ಈ ಅಪಾಯವನ್ನು ಬಲ್ಲವರು ಮೊದಲೇ ಎತ್ತಿ ತೋರಿಸಿದರು. ನಗರದವರೂ ಅದನ್ನು ಗಮನಿಸಿದರು.

ಈಗ ನಮ್ಮ ಮನೆಯ ಕಡೆಗೆ ನೋಡೋಣ. ಮುಂಬಯಿಯ ಈ ಭಾಗದಲ್ಲಿ ಕನ್ನಡಿಗರು ಎಷ್ಟು, ಅವರಿಗೆ ಕನ್ನಡ ಶಾಲೆ ಬೇಕೆ ಎಂದು ಯಾರಾದರೂ ಮೊಬೈಲಿನ ಮೂಲಕ ವಿಚಾರಿಸಿದರೆಂದು ಭಾವಿಸಿರಿ. ಉತ್ತರಗಳು ಸಾವಿರಾರು ಬರಬಹುದು. ಬೆಳಗಿನ ಐದು ಗಂಟೆಗೆ ಮನೆಗೆಲಸಕ್ಕೆ ಹೊರಟು ಕತ್ತಲಾದ ಮೇಲೆ ಹಿಂತಿರುಗುವ ತಾಯಿ ಅದಕ್ಕೆ ಉತ್ತರಿಸುವಳೆ? ಮನೆಗೆಲ್ಲ ಒಂದೇ ಮೊಬೈಲಿದ್ದು ಅದು ತಂದೆಯ ಜೇಬಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ, ಆ ಮನೆಯ ಮಗುವಿನ ಮಾತು ಯಾರ ಲೆಕ್ಕಕ್ಕೆ? ಕನ್ನಡ ಶಾಲೆ ಯಾರಿಗೆ ಅತ್ಯಂತ ಅಗತ್ಯವೋ ಅವರೇ ರಾಶಿಯಿಂದ ಹೊರಗುಳಿದು, ‘ಬೇಡಿಕೆ ಇಲ್ಲ’ ಎಂಬ ನಿರ್ಣಯ ಹೊರಬೀಳಬಹುದು. ಅದು ಸುಳ್ಳು ಬರೆದವರ ದೋಷದಿಂದಲ್ಲ, ಬರೆಯದೆ ಉಳಿದವರ ಮೌನದಿಂದ ಹುಟ್ಟಿದ ನಿರ್ಣಯ.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ. ಆದರೆ ಅಂತರಜಾಲದ ರಾಶಿಯಲ್ಲಿ ಕನ್ನಡದ ಪಾಲು ಈ ಸಂಖ್ಯೆಗೆ ತಕ್ಕಂತಿಲ್ಲ. ಇಂಗ್ಲಿಷ್ ವಿಕಿಪೀಡಿಯಾ 2020ರಲ್ಲಿಯೇ 60 ಲಕ್ಷ ಲೇಖನಗಳನ್ನು ದಾಟಿತು. ಕನ್ನಡದ್ದು ಇನ್ನೂ ಕೆಲವು ಹತ್ತು ಸಾವಿರಗಳಲ್ಲಿಯೇ ಇದೆ. ಮಾತಾಡುವ, ಅನುವಾದಿಸುವ ಯಂತ್ರಗಳು ಇಂಥ ರಾಶಿಯಿಂದಲೇ ಕಲಿಯುವುದರಿಂದ, ಬರೆಯದ ಭಾಷೆ ಅವುಗಳ ಪಾಲಿಗೆ ಇಲ್ಲದ ಭಾಷೆಗೆ ಸಮಾನ. ಕಲಬುರ್ಗಿಯ ಅಜ್ಜಿಯ ಮಾತೂ ಕುಂದಾಪುರದ ಅಜ್ಜನ ಮಾತೂ ಕಾಗದಕ್ಕೆ ಬರಲಿಲ್ಲವೆಂದರೆ ಯಂತ್ರಕ್ಕೆ ಅವು ಕೇಳಿಸವು.

ಕೊನೆಗೆ ನಮ್ಮ ಪ್ರಶ್ನೆಗೆ ಬರೋಣ. ಮಹಾರಾಶಿ ಹೊಗಳಿಕೆಗೆ ತಕ್ಕುದೆ? ವೇಗದಲ್ಲಿ ಅಹುದು, ಸೂಕ್ಷ್ಮವಾದ ಜಾಡುಗಳನ್ನು ಹಿಡಿಯುವುದರಲ್ಲಿಯೂ ಅಹುದು. ಆದರೆ ತಾನೇ ಸತ್ಯವನ್ನು ನುಡಿಯುವುದೆಂಬ ಹೊಗಳಿಕೆಗೆ ಅದು ಪಾತ್ರವಲ್ಲ. ಕಣದಲ್ಲಿ ರಾಶಿ ಎತ್ತರವಾಗಿದೆಯೆಂದು ರೈತನು ಅದನ್ನು ಹಾಗೆಯೇ ಚೀಲಕ್ಕೆ ತುಂಬುವುದಿಲ್ಲ. ಗಾಳಿಗೆ ತೂರಿ, ಜೊಳ್ಳನ್ನು ಬೇರ್ಪಡಿಸಿ, ಆಮೇಲೆ ಅಳೆಯುತ್ತಾನೆ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ಇಂಥ ರಾಶಿಗಳ ನಡುವೆ ಕುಳಿತು ಕೆಲಸ ಮಾಡುವವರಾದರೆ, ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಬೇಕು. ಇದನ್ನು ಕೂಡಿಸಿದವರು ಯಾರು, ಯಾವ ಉದ್ದೇಶಕ್ಕೆ? ಇದರಲ್ಲಿ ಸೇರದೆ ಉಳಿದವರು ಯಾರು? ಎರಡು ಸಂಗತಿಗಳು ಜೊತೆಯಲ್ಲಿ ಕಂಡುವೆಂದರೆ ಒಂದಕ್ಕೊಂದು ಕಾರಣವೆಂಬುದಕ್ಕೆ ಆಧಾರವೇನು? ಇದು ತಪ್ಪಾದರೆ ನಮಗೆ ತಿಳಿಯುವುದು ಹೇಗೆ? ಈ ಪ್ರಶ್ನೆಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಹತ್ತನೆಯ ತರಗತಿಯ ಬುದ್ಧಿಯೂ ಸ್ವಲ್ಪ ಧೈರ್ಯವೂ ಇದ್ದರೆ ಸಾಕು. ಎರಡನೆಯ ಪ್ರಶ್ನೆಯನ್ನಂತೂ ನಮ್ಮ ಶಾಲೆಯ ಮಕ್ಕಳು ಎಂದಿಗೂ ಮರೆಯಬಾರದು. ಲೆಕ್ಕಕ್ಕೆ ಸಿಗದೆ ಉಳಿಯುವವರು ಎಂಥವರೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ತಮ್ಮ ಓಣಿಯಲ್ಲಿಯೇ ದಿನವೂ ಕಾಣುತ್ತಾರೆ.